ಮಳೆಗೆ ಏರುವ ಶ್ರುತಿ, ಬಿಸಿಲಿಗೆ ಇಳಿಯುವ ಶ್ರುತಿ

ಮೃಗಶಿರಾ ಮಳೆ ಶುರುವಾಯಿತು ಅಂದರೆ ಹೈದರಾಬಾದಿನ ಮನೆಗಳಲ್ಲಿ ಮೂರು ಸಂಗತಿ ತಪ್ಪದೆ ನಡೆಯುತ್ತವೆ. ಡಬ್ಬಿಯಲ್ಲಿದ್ದ ಉಪ್ಪು ನೀರೊಡೆಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಒಣಗಿಸಿಟ್ಟ ಹಪ್ಪಳ ಮೆತ್ತಗಾಗುತ್ತದೆ. ದೇವರಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕದ ಹೊರತು ಮುಚ್ಚುವುದಿಲ್ಲ. ಇವು ಎಲ್ಲರ ಮನೆಯ ಕಥೆ. ನಾಲ್ಕನೆಯದೊಂದು ಇದೆ, ಅದು ಈ ಊರಿನ ಕೆಲವೇ ಮನೆಗಳದ್ದು. ಆ ಮನೆಗಳಲ್ಲಿ ಪಿಯಾನೊದ ಶ್ರುತಿ ತಪ್ಪುತ್ತದೆ!

"ಪಿಯಾನೊ ವಿಷಯ ಬರೆಯೋಕೆ ಬ್ಯಾಂಕಿನವನಿಗೇನು ಅಧಿಕಾರ?" ಅಂತ ಕೇಳಬೇಡಿ. ನಾನು ಓದಿದ್ದು ಬಿಕಾಂ, ಹುಟ್ಟಿದ್ದು ರಾಯಚೂರು, ಅನ್ನ ಕೊಟ್ಟದ್ದು ಹೈದರಾಬಾದು. ಸಂಗೀತ ಅಂದರೆ ನನಗೆ ಚಿಕ್ಕಂದಿನಲ್ಲಿ ಕಂಪನಿ ನಾಟಕದ ರಂಗದ ಮುಂದೆ ಕೂತು ಕೇಳಿದ ಲೆಗ್ ಹಾರ್ಮೋನಿಯಂ, ಅಷ್ಟೇ. ಆದರೆ ಮಗಳು ಪಿಯಾನೊ ಕಲಿತಳು, ಅವಳ ಹಿಂದೆ ಒಂದು ಹಳೇ ಪಿಯಾನೊ ಮನೆಗೆ ಬಂತು, ಅದರ ಹಿಂದೆ ಒಂದು ದೊಡ್ಡ ಚರಿತ್ರೆ ಬಂತು. ಆ ಚರಿತ್ರೆಯಲ್ಲಿ ರಾಯಚೂರು, ವಾಡಿ, ಮೈಸೂರು ಎಲ್ಲ ಇವೆ. ಅದಕ್ಕೇ ಇಲ್ಲಿ ಬರೆಯಬೇಕು ಅನ್ನಿಸಿತು.

ಮೊದಲು ವಾದ್ಯದ ಹುಟ್ಟು ನೋಡೋಣ. ಇಟಲಿಯ ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನದ ಆಶ್ರಯದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ವಾದ್ಯ ತಯಾರಕನಾಗಿದ್ದ. ಸುಮಾರು 1700ರ ಹೊತ್ತಿಗೆ ಆತ ತಂತಿಯನ್ನು ಮೀಟುವ ಬದಲು ಸುತ್ತಿಗೆಯಿಂದ ಹೊಡೆಯುವ ಒಂದು ವಾದ್ಯ ಮಾಡಿದ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು ದನಿ. ಅದೇ ಪಿಯಾನೊ. ಆತ ಮಾಡಿದವುಗಳಲ್ಲಿ ಮೂರು ಇವತ್ತಿಗೂ ಉಳಿದಿವೆ: 1720ರದ್ದು ನ್ಯೂಯಾರ್ಕಿನಲ್ಲಿ, 1722ರದ್ದು ರೋಮಿನಲ್ಲಿ, 1726ರದ್ದು ಲೈಪ್ಝಿಗಿನಲ್ಲಿ. ಆಗಿನ ಪಿಯಾನೊ ಬಹುತೇಕ ಮರದ್ದೇ. 1825ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಫಿಯಸ್ ಬ್ಯಾಬ್‌ಕಾಕ್ ಇಡೀ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ ಮೇಲೆ ಅದು ಕ್ರಮೇಣ ಭಾರವಾಗುತ್ತಾ, ಗಟ್ಟಿಯಾಗುತ್ತಾ ಹೋಯಿತು.

ಇವತ್ತಿನ ಪಿಯಾನೊದಲ್ಲಿ 88 ಮನೆಗಳು, ಸುಮಾರು 230 ತಂತಿಗಳು. ಕೆಳಗಿನ ಮಂದ್ರದಲ್ಲಿ ಒಂದು ಮನೆಗೆ ಒಂದೇ ತಂತಿ, ಸ್ವಲ್ಪ ಮೇಲೆ ಎರಡು, ಅಲ್ಲಿಂದಾಚೆ ಮೂರು ಮೂರು. ಎಲ್ಲ ತಂತಿಗಳ ಎಳೆತ ಕೂಡಿಸಿದರೆ 18-20 ಟನ್ ಆಗುತ್ತದೆ. ತುಂಬಿದ ಎರಡು ಲಾರಿಯಷ್ಟು ಭಾರ ನಿಮ್ಮ ಹಾಲಿನ ಮೂಲೆಯಲ್ಲಿ ಸದ್ದಿಲ್ಲದೆ ಜಗ್ಗುತ್ತಾ ಕೂತಿದೆ ಅಂತ ಊಹಿಸಿಕೊಳ್ಳಿ.

ಜಗ್ಗುವ ಈ ಭಾರವನ್ನು ಹೊರುವುದು ಕಬ್ಬಿಣ. ಹಾಗಾದರೆ ಮಳೆ ಬಂದರೆ ಕಬ್ಬಿಣಕ್ಕೇನಾಗಬೇಕು? ಏನೂ ಆಗುವುದಿಲ್ಲ. ಆಗುವುದೆಲ್ಲ ಮರಕ್ಕೆ. ತಂತಿಗಳ ಹಿಂದೆ ಸ್ಪ್ರೂಸ್ ಎಂಬ ಮರದ ಒಂದು ಅಗಲವಾದ ಹಲಗೆ ಇರುತ್ತದೆ, ದಪ್ಪ ಹತ್ತು ಮಿಲಿಮೀಟರಿನ ಆಸುಪಾಸು. ನಮ್ಮ ವೀಣೆಗೆ ಕೊಡ ಹೇಗೋ ಪಿಯಾನೊಗೆ ಈ ಹಲಗೆ ಹಾಗೆ. ತಂತಿಯ ಕಂಪನವನ್ನು ಕಿವಿಗೆ ಕೇಳುವ ನಾದವಾಗಿ ಮಾಡುವುದು ಇದೇ. ಇದನ್ನು ಸಪಾಟಾಗಿ ಕೂಡಿಸುವುದಿಲ್ಲ, ತಂತಿಗಳ ಕಡೆಗೆ ತುಸು ಉಬ್ಬಿರುವಂತೆ ಕೂಡಿಸುತ್ತಾರೆ. ಹಲಗೆಯ ಮೇಲೊಂದು ಸೇತುವೆ, ಅಂದರೆ ವೀಣೆಯ ಕುದುರೆಯಂಥದ್ದು. ಅದರ ಮೇಲೆ ಹಾದುಹೋಗುವ ತಂತಿಗಳು.

ಮರಕ್ಕೊಂದು ಸ್ವಭಾವವಿದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 30 ಇದ್ದಾಗ ಮರದೊಳಗಿನ ನೀರು ಅದರ ತೂಕದ ಶೇಕಡಾ 6ರಷ್ಟು. ಆರ್ದ್ರತೆ 80ಕ್ಕೆ ಹೋದರೆ ನೀರು ಶೇಕಡಾ 16ಕ್ಕೆ ಏರುತ್ತದೆ. ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ದೇವರಮನೆಯ ಬಾಗಿಲು ಅಗಲದಲ್ಲಿ ಕಚ್ಚುತ್ತದೆಯೇ ಹೊರತು ಎತ್ತರದಲ್ಲಿ ಅಷ್ಟಾಗಿ ಕಚ್ಚುವುದಿಲ್ಲ, ಗಮನಿಸಿ ನೋಡಿ. ಒಂದು ಮೀಟರ್ ಅಗಲದ ಸ್ಪ್ರೂಸ್ ಹಲಗೆಯನ್ನು ಯಾರೂ ಹಿಡಿದುಕೊಳ್ಳದೆ ಬಿಟ್ಟು, ಅದು 30ರಿಂದ 80ರ ಗಾಳಿಗೆ ಪೂರ್ತಿ ಹೊಂದಿಕೊಂಡರೆ, ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗುತ್ತದೆ.

ಆದರೆ ಪಿಯಾನೊದಲ್ಲಿ ಅದನ್ನು ನಾಲ್ಕೂ ಕಡೆ ಅಂಟು ಹಾಕಿ ಬಿಗಿದಿದ್ದಾರಲ್ಲ! ಅಗಲವಾಗಲು ಜಾಗವಿಲ್ಲ. ಆಗ ಅದು ಮಾಡುವುದೊಂದೇ, ಮತ್ತಷ್ಟು ಉಬ್ಬುವುದು. ಉಬ್ಬಿದ ಹಲಗೆ ಸೇತುವೆಯನ್ನು ಒತ್ತುತ್ತದೆ, ಸೇತುವೆ ತಂತಿಗಳನ್ನು ಒತ್ತುತ್ತದೆ, ತಂತಿಗಳ ಬಿಗಿ ಹೆಚ್ಚಾಗಿ ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಇದೇ ಲೆಕ್ಕ ತಿರುಗಾಮುರುಗ. ಹಲಗೆ ಒಣಗಿ ಕುಗ್ಗುತ್ತದೆ, ಉಬ್ಬು ಇಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ.

ಇಲ್ಲೊಂದು ತಮಾಷೆ ಇದೆ. ನಮ್ಮ ತಬಲಾ, ಮೃದಂಗ ಬಾರಿಸುವವರನ್ನು ಕೇಳಿ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಶ್ರುತಿ ಇಳಿಯಿತು ಅನ್ನುತ್ತಾರೆ, ಸುತ್ತಿಗೆ ತೆಗೆದುಕೊಂಡು ಗಟ್ಟ ಬಡಿಯುತ್ತಾರೆ. ಅದೇ ಕೋಣೆಯಲ್ಲಿ, ಅದೇ ಮಳೆಗೆ, ಪಿಯಾನೊದ ಶ್ರುತಿ ಏರಿರುತ್ತದೆ. ಚರ್ಮ ಇಳಿಯುತ್ತದೆ, ಮರ ಏರುತ್ತದೆ. ಇಬ್ಬರನ್ನೂ ಒಂದೇ ವೇದಿಕೆಗೆ ಕೂಡಿಸಿದವನ ಪಾಡು ದೇವರಿಗೇ ಪ್ರೀತಿ.

ಎಲ್ಲ ಮನೆಗಳೂ ಒಂದೇ ಸಮ ಏರಿದ್ದರೆ ಅಷ್ಟು ತೊಂದರೆಯಿರಲಿಲ್ಲ. ಒಂಟಿಯಾಗಿ ನುಡಿಸುವವನಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಹಲಗೆ ನಡುವೆ ಹೆಚ್ಚು ಉಬ್ಬುತ್ತದೆ, ಅಂಚಿನಲ್ಲಿ ಕಡಿಮೆ. ಆದ್ದರಿಂದ ಮಧ್ಯ ಸ್ಥಾಯಿಯ ಸ್ವರಗಳು ಹೆಚ್ಚು ಏರುತ್ತವೆ, ತಾರದ ತುದಿಯವು ಕಡಿಮೆ. ಮಂದ್ರದ ತಂತಿಗಳಿಗೆ ಬೇರೆಯೇ ಸೇತುವೆ, ಅವುಗಳ ನಡೆಯೇ ಬೇರೆ. ಒಂದು ಸೇತುವೆ ಮುಗಿದು ಇನ್ನೊಂದು ಶುರುವಾಗುವ ಕಡೆ ಅಕ್ಕಪಕ್ಕದ ಎರಡು ಮನೆಗಳು ಒಂದಕ್ಕೊಂದು ಮುಖ ತಿರುಗಿಸಿ ಕೂತ ಓರಗಿತ್ತಿಯರ ಹಾಗೆ ಕೇಳುತ್ತವೆ. ಮಧ್ಯದ 'ಎ' ಸ್ವರ ಸೆಕೆಂಡಿಗೆ 440 ಕಂಪನ ಇರಬೇಕಾದದ್ದು 443-444ಕ್ಕೆ ಹೋಗುವುದು ಏನೂ ಅಪರೂಪವಲ್ಲ. ಅಂಕಿ ಸಣ್ಣದು, ಆದರೆ ಕಿವಿಗೆ ಅದು ಬ್ಯಾಲೆನ್ಸ್ ಶೀಟಿನಲ್ಲಿ ತಾಳೆಯಾಗದ ಮೂರು ರೂಪಾಯಿಯ ಹಾಗೆ. ನೆಮ್ಮದಿ ಕೆಡಿಸಲು ಅಷ್ಟು ಸಾಕು.

ಈಗ ದಖನ್ನಿಗೆ ಬರೋಣ. ಯುರೋಪಿಯನ್ನರು ಭಾರತಕ್ಕೆ ತಮ್ಮ ತಂತಿವಾದ್ಯಗಳನ್ನು ತಂದದ್ದು ಪಿಯಾನೊಗಿಂತ ಮುಂಚೆಯೇ. ಕಲ್ಕತ್ತೆಯಲ್ಲಿ 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಎಂಬಾತ ಹಿಂದೂಸ್ತಾನಿ ಹಾಡುಗಳನ್ನು ಹಾರ್ಪ್ಸಿಕಾರ್ಡಿಗೆ ಅಳವಡಿಸಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ್ದ. ಆಮೇಲೆ ಪಿಯಾನೊಗಳು ಬಂದವು. ಮದ್ರಾಸಿನಲ್ಲಿ 1842ರಲ್ಲಿ ಮಿಸ್ಕ್ವಿತ್ ಕಂಪನಿ ಶುರುವಾಯಿತು. ಇವತ್ತಿನ ಚೆನ್ನೈನ ಮ್ಯೂಸೆ ಮ್ಯೂಸಿಕಲ್ ಅದರದ್ದೇ ಮುಂದುವರಿಕೆ. ಮುಂಬಯಿಯಲ್ಲಿ 1865ರಲ್ಲಿ ಫರ್ಟಾಡೋಸ್ ಶುರುವಾಯಿತು.

ನಮ್ಮ ಊರಿನ ಕಡೆ ಪಿಯಾನೊ ಬಂದದ್ದು ದಂಡಿನ ಹಿಂದೆ. 1798ರ ಒಪ್ಪಂದದ ಮೇಲೆ ನಿಜಾಮರ ರಾಜ್ಯದಲ್ಲಿ ಇಂಗ್ಲಿಷರ ಸೈನ್ಯ ಬೀಡುಬಿಟ್ಟಿತು. ಆ ಬೀಡಿಗೆ 1806ರಲ್ಲಿ ಸಿಕಂದರ್ ಜಾ ಹೆಸರಿನಿಂದ ಸಿಕಂದರಾಬಾದ್ ಎಂದು ಹೆಸರಾಯಿತು. 1813ರಲ್ಲಿ ಸೇಂಟ್ ಜಾನ್ಸ್ ಚರ್ಚ್ ಆಯಿತು. ದಂಡು, ಚರ್ಚು, ಕ್ಲಬ್ಬು, ಬಂಗಲೆ ಇರುವ ಕಡೆ ಪಿಯಾನೊ ಇರಲೇಬೇಕು.

ಆದರೆ ತರುವುದು ಹೇಗೆ? ಹಡಗಿನಿಂದ ಇಳಿದ ಮೇಲೆ ನೂರಾರು ಮೈಲಿ ಎತ್ತಿನಗಾಡಿ. 1871ರಲ್ಲಿ ಮುಂಬಯಿ ಕಡೆಯ ರೈಲು ದಾರಿಯೂ ಮದ್ರಾಸು ಕಡೆಯ ರೈಲು ದಾರಿಯೂ ಒಂದನ್ನೊಂದು ಸೇರಿದವು. ಎಲ್ಲಿ ಗೊತ್ತೇ? ನಮ್ಮ ರಾಯಚೂರಿನಲ್ಲಿ! ಮೂರು ವರ್ಷದ ನಂತರ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ದಾರಿ ಶುರುವಾಯಿತು. ಅಂದರೆ ಅಲ್ಲಿಂದ ಮುಂದೆ ಕೆಲವು ವರ್ಷ ಮುಂಬಯಿಯಿಂದಾಗಲಿ ಮದ್ರಾಸಿನಿಂದಾಗಲಿ ಸಿಕಂದರಾಬಾದಿಗೆ ರೈಲಿನಲ್ಲಿ ಬಂದ ಭಾರದ ಸಾಮಾನು ವಾಡಿ ಜಂಕ್ಷನ್ ದಾಟಿಯೇ ಬರಬೇಕಿತ್ತು. ಕಲಬುರಗಿ ಸೀಮೆಯ ಕಲ್ಲು-ಬಿಸಿಲಿನ ಆ ಸ್ಟೇಷನ್ನಿನಲ್ಲಿ ಮರದ ಪೆಟ್ಟಿಗೆಯೊಳಗೆ ಇಂಗ್ಲೆಂಡಿನ ಪಿಯಾನೊ ಕಾದು ಕೂತ ಚಿತ್ರ ನೆನೆದರೆ ನನಗೆ ನಗುವೂ ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ. ಈಗಲೂ ಊರಿಗೆ ಹೋಗುವಾಗ ವಾಡಿಯಲ್ಲಿ ಗಾಡಿ ನಿಂತರೆ ಇದೇ ನೆನಪು.

ಬಿಸಿ ಸೀಮೆಗೆ ಕಳಿಸುವ ಪಿಯಾನೊಗಳನ್ನು ಇಂಗ್ಲೆಂಡು, ಜರ್ಮನಿಯ ಕಂಪನಿಗಳು ಬೇರೆ ರೀತಿಯಲ್ಲೇ ಮಾಡುತ್ತಿದ್ದವು. ಅಂಟನ್ನು ಮಾತ್ರ ನಂಬದೆ ಸ್ಕ್ರೂ ಹಾಕಿ ಬಿಗಿಯುವುದು, ತೆಳ್ಳನೆ ಹೊದಿಕೆಯ ಮರದ ಬದಲು ಇಡಿಯಾದ ಗಟ್ಟಿಮರ, ತುಕ್ಕು ಹಿಡಿಯದ ಹಿತ್ತಾಳೆಯ ಭಾಗಗಳು, ಹುಳ ತಿನ್ನದಂತೆ ಔಷಧಿ ಹಾಕಿದ ಉಣ್ಣೆ. ಜಾಹೀರಾತಿನಲ್ಲಿ ಉಷ್ಣವಲಯಕ್ಕೆಂದೇ ತಯಾರಿಸಿದ್ದು ಎಂದು ಹಾಕಿಕೊಳ್ಳುತ್ತಿದ್ದರು. ಆದರೆ ಇಂಗ್ಲೆಂಡಿನಲ್ಲಿ ಕೂತವನಿಗೆ ಭಾರತ ಎಂದರೆ ಒಂದೇ ಹವೆ. ಇಲ್ಲಿ ಬದುಕುವ ನಮಗೆ ಗೊತ್ತು, ಮಂಗಳೂರಿನ ಹವೆ ಬೇರೆ, ರಾಯಚೂರಿನದು ಬೇರೆ.

ಈ ವ್ಯತ್ಯಾಸವೇ ನನ್ನ ಪ್ರಕಾರ ಇಡೀ ಕಥೆಯ ಕೀಲಿ. ಮುಂಬಯಿ, ಮಂಗಳೂರಿನಂಥ ಕಡಲ ಊರುಗಳಲ್ಲಿ ವರ್ಷವಿಡೀ ಗಾಳಿ ತೇವವಾಗಿಯೇ ಇರುತ್ತದೆ. ಅಲ್ಲಿ ಪಿಯಾನೊದ ಶತ್ರು ತುಕ್ಕು, ಬೂಸಲು, ಹುಳ. ಆದರೆ ಹಲಗೆ ಮಾತ್ರ ಸುಮಾರಾಗಿ ಒಂದೇ ಸ್ಥಿತಿಯಲ್ಲಿರುತ್ತದೆ. ಸಮುದ್ರದಿಂದ ದೂರ, 500 ಮೀಟರಿಗೂ ಎತ್ತರದ ಹೈದರಾಬಾದಿನಲ್ಲಿ ಹಾಗಲ್ಲ. ಏಪ್ರಿಲ್-ಮೇ ಮಧ್ಯಾಹ್ನ ಆರ್ದ್ರತೆ ಶೇಕಡಾ 30ರ ಆಸುಪಾಸಿಗೆ ಇಳಿದಿರುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಆಗಸ್ಟಿನ ಬೆಳಗ್ಗೆ 80 ದಾಟಿರುತ್ತದೆ. ತೇವಕ್ಕಿಂತ ತೇವದ ಏರಿಳಿತವೇ ಮರಕ್ಕೆ ಹೆಚ್ಚು ಕಷ್ಟ. ಕರಾವಳಿಯದು ತುಕ್ಕಿನ ಸಂಕಟವಾದರೆ ದಖನ್ನಿನದು ಬಿರುಕಿನ ಸಂಕಟ.

ಬಿರುಕು ಹೇಗೆ ಬರುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ, ಯಾಕೆಂದರೆ ಅದು ಅಪ್ಪಟ ಬ್ಯಾಂಕಿನ ಲೆಕ್ಕ. ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದ ಹಲಗೆಯ ಎಳೆಗಳು ಒಂದನ್ನೊಂದು ಒತ್ತಿ ಒಳಗೊಳಗೇ ನಜ್ಜಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬೇಸಿಗೆ ಬಂದು ಹಲಗೆ ಒಣಗಿದಾಗ, ನಜ್ಜಾದ ಎಳೆ ಮೊದಲಿನ ಅಗಲಕ್ಕೆ ಬರುವುದಿಲ್ಲ, ಅದಕ್ಕಿಂತ ಕಿರಿದಾಗುತ್ತದೆ. ಅಂಚುಗಳು ಬಿಗಿಯಾಗಿ ಹಿಡಿದುಕೊಂಡಿವೆ, ನಡುವೆ ಮರ ಸಾಲದಾಗಿದೆ. ಆಗ ಬಿರುಕು. ನೋಡಿದವರು ಬೇಸಿಗೆಯನ್ನು ಬೈಯುತ್ತಾರೆ. ಆದರೆ ಸಾಲ ಮಾಡಿದ್ದು ಮಳೆಗಾಲ, ವಸೂಲಿಗೆ ಬಂದದ್ದು ಬೇಸಿಗೆ ಅಷ್ಟೇ! ತಂತಿ ಸುತ್ತಿದ ಮೊಳೆಗಳು ಕೂತಿರುವ ಮರದ ದಿಮ್ಮಿಗೂ ಇದೇ ಗತಿ. ಹಲವು ವರ್ಷ ಹಿಗ್ಗಿ ಕುಗ್ಗಿದ ಮೇಲೆ ಮೊಳೆಗಳ ಹಿಡಿತ ಸಡಿಲವಾಗುತ್ತದೆ. ಆಮೇಲೆ ಎಷ್ಟು ಶ್ರುತಿ ಮಾಡಿದರೂ ನಿಲ್ಲುವುದಿಲ್ಲ.

ಹಾಗಾದರೆ ಮೈಸೂರು? ಮೈಸೂರಿನ ಹವೆ ಹೈದರಾಬಾದಿನಷ್ಟು ಉಗ್ರವಲ್ಲ. ಅಲ್ಲಿನ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತಕ್ಕೆ ಒಳ್ಳೆಯ ನೆಲೆ ಸಿಕ್ಕಿತ್ತು. ವೀಣೆ ಶೇಷಣ್ಣನವರು ಪಿಯಾನೊವನ್ನೂ ಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಹಲವು ವಾದ್ಯಗಳನ್ನು ನುಡಿಸುತ್ತಿದ್ದರು, ಅದರಲ್ಲಿ ಪಿಯಾನೊವೂ ಒಂದು. ಅರಮನೆ ಬ್ಯಾಂಡಿಗೆ ಜರ್ಮನಿಯ ಆಟ್ಟೊ ಸ್ಮಿತ್ ಮುಖ್ಯಸ್ಥರಾಗಿದ್ದರು. ಆದರೆ ಎಲ್ಲರಿಗಿಂತ ದೊಡ್ಡ ಕಥೆ ಜಯಚಾಮರಾಜ ಒಡೆಯರದು. 1919ರಲ್ಲಿ ಹುಟ್ಟಿದ ಅವರಿಗೆ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿಯವರೂ ಒಂದೇ ವರ್ಷ ತೀರಿಕೊಂಡಾಗ ಇಪ್ಪತ್ತೊಂದರ ವಯಸ್ಸಿಗೆ ಸಿಂಹಾಸನ ಏರಬೇಕಾಯಿತು. ಪಿಯಾನೊ ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು.

ಆದರೆ ಆಸೆ ಬೇರೆ ದಾರಿ ಹಿಡಿಯಿತು. ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ವಯಸ್ಸಾಗಿ, ಕಾಯಿಲೆ ಬಿದ್ದು, ಮರೆತುಹೋಗುವ ಸ್ಥಿತಿಯಲ್ಲಿದ್ದರು. ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಆತ ತಾನೇ ನುಡಿಸಿದ ತನ್ನ ಕೃತಿಗಳ ಧ್ವನಿಮುದ್ರಣ ಮಾಡಿಸಿದರು. 1947ರಲ್ಲಿ ಅವರ ಮೂರು ಪಿಯಾನೊ ಕನ್ಸರ್ಟೊಗಳ ಮುದ್ರಣವಾಯಿತು. ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಬೆರಳಿನ ದನಿ ಇವತ್ತು ಕೇಳಲು ಸಿಗುವುದರಲ್ಲಿ ಬಹುಪಾಲು ಕನ್ನಡ ನಾಡಿನ ಹಣದಿಂದ ಉಳಿದದ್ದು. ಮುಂದೆ ಇದೇ ಜಯಚಾಮರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕೀರ್ತನೆಗಳನ್ನು ರಚಿಸಿದರು. ಪಿಯಾನೊ ಬಿಟ್ಟವರಲ್ಲ, ವೀಣೆಯ ದಾರಿಯಲ್ಲೂ ನಡೆದವರು.

ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ನಮ್ಮ ವೀಣೆ, ತಂಬೂರಿಗಳೂ ಮರದವೇ. ಅವುಗಳಿಗೂ ಇದೇ ಮಳೆ, ಇದೇ ಬಿಸಿಲು. ಆದರೆ ಅವುಗಳ ಬಗ್ಗೆ ಯಾರೂ ಇಷ್ಟು ಗೋಳಾಡುವುದಿಲ್ಲವಲ್ಲ? ಉತ್ತರ ಸರಳ. ನಮ್ಮಲ್ಲಿ ನುಡಿಸುವವನೇ ಶ್ರುತಿ ಮಾಡಿಕೊಳ್ಳುತ್ತಾನೆ. ಕಛೇರಿ ಶುರುವಾಗುವ ಮುಂಚೆ, ಹಾಡುಗಳ ನಡುವೆ, ಬೇಕೆಂದಾಗಲೆಲ್ಲ ಬಿರಡೆ ತಿರುಗಿಸುತ್ತಾನೆ. ಸಭೆ ತಾಳ್ಮೆಯಿಂದ ಕಾಯುತ್ತದೆ. ಶ್ರುತಿ ಸೇರಿಸುವುದು ನಮ್ಮ ಸಂಗೀತದ ಒಂದು ಭಾಗವೇ. ನಾಲ್ಕು ತಂತಿಯ ತಂಬೂರಿಗೆ ಐದು ನಿಮಿಷ ಸಾಕು. 230 ತಂತಿಗೆ? ಅಲ್ಲಿ ನುಡಿಸುವವನು ಬೇರೆ, ಶ್ರುತಿ ಮಾಡುವವನು ಬೇರೆ. ಪಿಯಾನೊ ಬದುಕುವುದು ಟ್ಯೂನರ್ ಬದುಕಿರುವ ಊರಿನಲ್ಲಿ ಮಾತ್ರ.

ಹಾರ್ಮೋನಿಯಂ ಇಲ್ಲಿ ಗೆದ್ದದ್ದೂ ಇದೇ ಕಾರಣಕ್ಕೆ ಇರಬೇಕು. ಅದರ ಹಿತ್ತಾಳೆಯ ರೀಡುಗಳಿಗೆ ಮಳೆಯ ಚಿಂತೆ ಅಷ್ಟಿಲ್ಲ. ತಲೆಮೇಲೆ ಹೊತ್ತುಕೊಂಡು ಊರೂರು ತಿರುಗಬಹುದು. ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಅದನ್ನು ಎಲ್ಲೆಲ್ಲಿಗೋ ಒಯ್ದವು. ಬೆಳಗಾವಿಯ ರಾಮಭಾವು ಬಿಜಾಪುರೆ ಅಂಥವರು ಅದನ್ನು ಶಾಸ್ತ್ರೀಯ ವಾದ್ಯವಾಗಿಯೇ ನಿಲ್ಲಿಸಿದರು. ಆದರೂ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತು, ಅದು ಸಡಿಲವಾದದ್ದು 1971ರಲ್ಲಿ. ಗಮಕಕ್ಕೆ ಬಾಗುವುದಿಲ್ಲ, ಸ್ವರ ನಿಂತಲ್ಲೇ ನಿಲ್ಲುತ್ತದೆ ಅನ್ನುವುದು ಅದರ ಮೇಲಿದ್ದ ಆಪಾದನೆ. ಪಾಪ, ನಿಂತಲ್ಲೇ ನಿಲ್ಲುವ ಆ ಗುಣಕ್ಕೆ ಪಿಯಾನೊದವರು ಹಂಬಲಿಸುತ್ತಿದ್ದರು!

ನಮ್ಮ ಮನೆಗೆ ಬರುತ್ತಿದ್ದ ಟ್ಯೂನರ್ ಸಿಕಂದರಾಬಾದಿನ ಹಿರಿಯರು, ತಂದೆಯಿಂದ ಕೆಲಸ ಕಲಿತವರು. ಒಂದು ಹಳೇ ಚರ್ಮದ ಚೀಲ. ಅದರಲ್ಲಿ ಮೊಳೆ ತಿರುಗಿಸುವ ಕೀಲಿ, ತಂತಿಗಳ ನಡುವೆ ತುರುಕುವ ರಬ್ಬರಿನ ತುಂಡುಗಳು, ಉದ್ದನೆ ಉಣ್ಣೆಬಟ್ಟೆಯ ಪಟ್ಟಿ, ಒಂದು ಶ್ರುತಿಕವಲು. ಒಂದು ಜೂನಿನಲ್ಲಿ ಮಗಳ ಪರೀಕ್ಷೆ ಹತ್ತಿರ ಬಂದು ಪಿಯಾನೊ ಅಪಸ್ವರ ಹೊರಡಿಸುತ್ತಿದ್ದಾಗ ಅವರಿಗೆ ಫೋನ್ ಮಾಡಿದೆ. ಮಳೆ ಶುರುವಾಗಿ ನಾಲ್ಕೇ ದಿನವಾಗಿತ್ತು.

"ಅಭೀ ನಕ್ಕೋ ಸಾಬ್," ಎಂದರು. ಈಗ ಬೇಡ ಸಾರ್.

ಮಳೆ ಬಂತಲ್ಲ, ಇನ್ನೇನು ಕಾಯುವುದು ಅಂತ ನನ್ನ ವಾದ. ಅವರು ನಕ್ಕರು. ಮಳೆ ಹೊರಗೆ ಬಂದಿದೆ, ಮರದೊಳಗೆ ಇನ್ನೂ ಬಂದಿಲ್ಲ, ಈಗ ತಿರುಗಿಸಿದರೆ ಮೂರು ವಾರಕ್ಕೆ ಮತ್ತೆ ಕರೆಯುತ್ತೀರಿ, ದುಡ್ಡು ನಿಮ್ಮದು, ಮೊಳೆ ಸವೆಯುವುದು ಪಿಯಾನೊದ್ದು, ಅಂದರು. ಅವರ ಲೆಕ್ಕ ಹೀಗೆ: ಬಿಸಿಲಿನ ಕಾವಿಗೆ ಉಕ್ಕಿನ ತಂತಿ ಗಂಟೆಯೊಳಗೆ ತುಸು ಸಡಿಲವಾಗಬಹುದು, ಅದು ಸಣ್ಣ ವಿಷಯ. ಮರ ಮಾತ್ರ ನಿಧಾನಿ. ಹೊರಗಿನ ಹವೆ ಒಳಕ್ಕೆ ಇಳಿಯಲು ದಿನಗಳಲ್ಲ, ವಾರಗಳು ಬೇಕು. ಅದಕ್ಕೆ ಮಳೆ ಹಿಡಿದು ಒಂದು ತಿಂಗಳ ಮೇಲೆ ಒಂದು ಸಲ, ಮಳೆ ಬಿಟ್ಟು ಹವೆ ಒಣಗಿದ ಮೇಲೆ ನವೆಂಬರ್-ಡಿಸೆಂಬರಿನಲ್ಲಿ ಇನ್ನೊಂದು ಸಲ. ವರ್ಷಕ್ಕೆ ಎರಡೇ.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ಕವಲಿನಿಂದ ಒಂದು ಸ್ವರ ಹಿಡಿದು, ಮಧ್ಯ ಸ್ಥಾಯಿಯ ಹನ್ನೆರಡು ಸ್ವರಗಳನ್ನು ಕಟ್ಟಿಕೊಳ್ಳುತ್ತಿದ್ದರು. ಪಿಯಾನೊದಲ್ಲಿ ಈ ಹನ್ನೆರಡನ್ನೂ ಸಮಪಾಲು ಮಾಡಬೇಕು. ಹಾಗಾಗಿ ಯಾವ ಪಂಚಮವೂ ನಮ್ಮ ತಂಬೂರಿಯಷ್ಟು ಶುದ್ಧವಲ್ಲ, ಕೂದಲೆಳೆಯಷ್ಟು ಕಡಿಮೆ. ಗಾಂಧಾರ ಸ್ವಲ್ಪ ಹೆಚ್ಚು. ಎರಡು ಸ್ವರ ಒಟ್ಟಿಗೆ ಒತ್ತಿದಾಗ ಆ ವ್ಯತ್ಯಾಸ ಅಲೆಅಲೆಯಾಗಿ ಕೇಳುತ್ತದೆ, ಮಧ್ಯದ ಒಂದು ಗಾಂಧಾರದಲ್ಲಿ ಸೆಕೆಂಡಿಗೆ ಸುಮಾರು ಏಳು ಅಲೆ. ಅವರು ಕಣ್ಣು ಮುಚ್ಚಿ ಅಲೆ ಎಣಿಸುತ್ತಿದ್ದರು, ಹಳೇ ಕ್ಯಾಷಿಯರ್ ನೋಟಿನ ಕಟ್ಟನ್ನು ಹೆಬ್ಬೆರಳಲ್ಲೇ ಎಣಿಸಿದ ಹಾಗೆ. ಆ ಹನ್ನೆರಡು ಸರಿಯಾದರೆ ಅವುಗಳಿಂದ ಮೇಲಕ್ಕೂ ಕೆಳಕ್ಕೂ ಉಳಿದವನ್ನೆಲ್ಲ ಸೇರಿಸುತ್ತಾ ಹೋಗುವುದು. ವಿಚಿತ್ರ ನೋಡಿ, ಹಲಗೆ ಹೆಚ್ಚು ಏರಿಳಿಯುವುದು ಮಧ್ಯದಲ್ಲಿ. ಅಸ್ತಿಭಾರ ಹಾಕುವುದೂ ಅಲ್ಲೇ!

ಅವತ್ತು ಅವರು ಮುಂದಿನ ಹಲಗೆ ಬಿಚ್ಚಿದಾಗ ಒಳಗಿನ ಮರದ ಮೇಲೆ ಪೆನ್ಸಿಲಿನ ಬರಹ ಕಂಡಿತು. ತಾರೀಕು, ಪಕ್ಕದಲ್ಲಿ ಸಣ್ಣ ಸಹಿ. ತಾರೀಕು, ಸಹಿ. ಹೀಗೆ ಸಾಲಾಗಿ. ಪಿಯಾನೊ ಶ್ರುತಿ ಮಾಡಿದವರು ಒಳಗೆ ಗುರುತು ಬರೆದಿಡುವುದು ಹಳೇ ಪದ್ಧತಿಯಂತೆ. ಲೆಡ್ಜರ್ ಕಂಡ ಬ್ಯಾಂಕಿನವನು ಸುಮ್ಮನಿರುತ್ತಾನೆಯೇ? ಟಾರ್ಚ್ ಹಿಡಿದು ಒಂದೊಂದನ್ನೂ ಕಾಗದಕ್ಕೆ ಇಳಿಸಿಕೊಂಡೆ. ಹೆಚ್ಚಿನ ತಾರೀಕುಗಳು ಜುಲೈ-ಆಗಸ್ಟ್, ಇಲ್ಲವೇ ನವೆಂಬರ್-ಡಿಸೆಂಬರ್. ಅಂದರೆ ನಮ್ಮ ಹಿರಿಯರು ಹೇಳಿದ ಲೆಕ್ಕವನ್ನೇ ಅವರಿಗೂ ಮುಂಚಿನ ಯಾರ್ಯಾರೋ ಪಾಲಿಸಿದ್ದರು. ಮೇ ತಿಂಗಳದ್ದು ಒಂದೂ ಇಲ್ಲ. 1946ರ ಸಾಲಿನ ನಂತರ ಮುಂದಿನ ತಾರೀಕು 1953ರದ್ದು, ಸಹಿ ಬೇರೆ.

ಆ ಏಳು ವರ್ಷ ಏನೇನಾಯಿತು ಎಂಬುದು ನಮಗೆಲ್ಲ ಗೊತ್ತು. 1947ರಲ್ಲಿ ಇಂಗ್ಲಿಷರು ಹೊರಟರು, 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದು ಭಾರತಕ್ಕೆ ಸೇರಿತು. ನಮ್ಮ ಬೀದರ, ಕಲಬುರಗಿ, ರಾಯಚೂರಿನವರು ಆಗ ಏನು ಪಾಡುಪಟ್ಟರು ಅನ್ನುವುದನ್ನು ನನ್ನ ಅಜ್ಜ ಹೇಳುತ್ತಿದ್ದರು. ಖಾಲಿ ಸಾಲು ಏನನ್ನೂ ಸಾಬೀತು ಮಾಡುವುದಿಲ್ಲ, ಅಷ್ಟು ತಿಳಿವಳಿಕೆ ಲೆಕ್ಕ ತಪಾಸಣೆ ಮಾಡಿದವನಿಗೆ ಇದೆ. ಟ್ಯೂನರ್ ಸಿಗದೆ ಇದ್ದಿರಬಹುದು, ಮಾಲೀಕ ಬದಲಾಗಿರಬಹುದು, ಬರೆಯಲು ಮರೆತಿರಬಹುದು. ಆದರೂ ಏಳು ಮಳೆಗಾಲ, ಏಳು ಬೇಸಿಗೆ ಯಾರೂ ಮುಟ್ಟದೆ ಈ ಹಲಗೆ ತಾನೇ ಉಬ್ಬಿ ತಾನೇ ಕುಗ್ಗುತ್ತಾ ಇತ್ತು ಅಂತ ನೆನೆದು ಒಂದು ಕ್ಷಣ ಸುಮ್ಮನಾದೆ. ನಮ್ಮ ಟ್ಯೂನರ್ ತಮ್ಮ ಪೆನ್ಸಿಲ್ ತೆಗೆದು ಕೊನೆಯ ಸಾಲಿನ ಕೆಳಗೆ ಅವತ್ತಿನ ತಾರೀಕು ಬರೆದರು.

ಅವರು ಈಗಿಲ್ಲ. ಮಗ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅವನನ್ನು ತಪ್ಪು ಅನ್ನುವ ಹಾಗಿಲ್ಲ. ವರ್ಷಕ್ಕೆ ಎರಡು ಸಲ ಕರೆಯುವ ನಾಲ್ಕಾರು ಮನೆ ನಂಬಿ ಸಂಸಾರ ನಡೆಯುವುದಿಲ್ಲ. ಈಗ ಫೋನಿನಲ್ಲೇ ಶ್ರುತಿ ತೋರಿಸುವ ಆ್ಯಪ್ ಇವೆ, ಸ್ವರ ಎಷ್ಟು ತಪ್ಪಿದೆ ಅಂತ ಅಂಕಿ ಸಮೇತ ಹೇಳುತ್ತವೆ. ಆದರೆ "ಅಭೀ ನಕ್ಕೋ" ಅನ್ನಲು ಅವಕ್ಕೆ ಬರುವುದಿಲ್ಲ. ಯಾವಾಗ ಮುಟ್ಟಬಾರದು ಅನ್ನುವುದು ಈ ಊರಿನ ಮಳೆ ಕಂಡವನಿಗೆ ಮಾತ್ರ ಗೊತ್ತು.

ಮಗಳು ಈಗ ಜರ್ಮನಿಯಲ್ಲಿದ್ದಾಳೆ. ಅಲ್ಲಿ ಎಲ್ಲವೂ ತಿರುಗಾಮುರುಗವಂತೆ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿ ಹವೆ ಒಣಗಿ ಶ್ರುತಿ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. "ಅಪ್ಪಾ, ನಮ್ಮ ಪಿಯಾನೊ ಈಗ ಮೇಲಿದೆಯೋ ಕೆಳಗಿದೆಯೋ?" ಅಂತ ಫೋನಿನಲ್ಲಿ ಕೇಳುತ್ತಾಳೆ. ಕಿಟಕಿಯಾಚೆ ನೋಡಿ ಉತ್ತರ ಹೇಳುತ್ತೇನೆ.

ಮನೆಯಲ್ಲಿ ಪಿಯಾನೊ ಇದ್ದವರಿಗೆ ಆ ಹಿರಿಯರಿಂದ ಕೇಳಿ ತಿಳಿದ ಕೆಲವು ಮಾತು. ಬಿಸಿಲು ಬೀಳುವ ಕಿಟಕಿ, ಹೊರಗೋಡೆ, ಕೂಲರ್ ಇವುಗಳಿಂದ ದೂರ ಇಡಿ. ನಮ್ಮೂರಿನ ಬೇಸಿಗೆಯ ನೀರಿನ ಕೂಲರ್ ಅಂತೂ ಪಿಯಾನೊ ಕೋಣೆಗೆ ಬೇಡವೇ ಬೇಡ, ಅದು ಹಗಲು ಮಳೆಗಾಲ, ರಾತ್ರಿ ಬೇಸಿಗೆ ಮಾಡುತ್ತದೆ. ಎಸಿಯನ್ನು ದಿನಕ್ಕೆ ನಾಲ್ಕು ಸಲ ಹಾಕಿ ಆರಿಸುವುದಕ್ಕಿಂತ ಹಾಕದೇ ಇರುವುದು ಮೇಲು. ಮಳೆಗಾಲದಲ್ಲಿ ಮನೆಗಳು ಕಚ್ಚಿಕೊಂಡರೆ ಬಲವಂತ ಮಾಡಬೇಡಿ, ಉಣ್ಣೆ ಮತ್ತು ಮರ ಹಿಗ್ಗಿದೆ ಅಷ್ಟೇ. ಹತ್ತು ಸಾವಿರದ ಪಿಯಾನೊ ಇರಲಿ, ಹತ್ತು ಲಕ್ಷದ್ದಿರಲಿ, ಪಕ್ಕದಲ್ಲಿ ಕೆಲವು ನೂರು ರೂಪಾಯಿಯ ಒಂದು ಆರ್ದ್ರತೆ ಮಾಪಕ ಇಡಿ. ಅದು 40ರಿಂದ 60ರ ನಡುವೆ ಇದ್ದರೆ ನೆಮ್ಮದಿ.

ಇನ್ನೊಂದು ಕೋರಿಕೆ. ಸಿಕಂದರಾಬಾದು, ಬೆಂಗಳೂರು ದಂಡು, ಬಳ್ಳಾರಿ, ಬೆಳಗಾವಿ, ಹುಬ್ಬಳ್ಳಿಯ ರೈಲ್ವೆ ಕಾಲೊನಿ, ಕೋಲಾರದ ಚಿನ್ನದ 'ಫೀಲ್ಡ್', ಇಂಥ ಕಡೆ ಹಳೇ ಮನೆಗಳಲ್ಲಿ, ಚರ್ಚುಗಳಲ್ಲಿ, ಶಾಲೆಗಳಲ್ಲಿ ಮೂಲೆ ಸೇರಿದ ಪಿಯಾನೊ ಇದ್ದೀತು. ಗುಜರಿಗೆ ಹಾಕುವ ಮುಂಚೆ ಮುಂದಿನ ಹಲಗೆ ಬಿಚ್ಚಿ, ಟಾರ್ಚ್ ಹಾಕಿ ನೋಡಿ. ಪೆನ್ಸಿಲಿನ ತಾರೀಕುಗಳಿದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಊರಿನಲ್ಲಿ ಯಾವ ತಿಂಗಳು ಶ್ರುತಿ ಮಾಡುತ್ತಿದ್ದರು ಅನ್ನುವುದನ್ನು ಒಟ್ಟುಗೂಡಿಸಿದರೆ ನಮ್ಮ ಮಳೆ-ಬಿಸಿಲಿನ ಒಂದು ಪಂಚಾಂಗವೇ ಸಿಗಬಹುದು. ಅದನ್ನು ಬರೆದವರ ಹೆಸರು ಯಾವ ಇತಿಹಾಸದ ಪುಸ್ತಕದಲ್ಲೂ ಇರುವುದಿಲ್ಲ. ಅವರ ಸಹಿ ಇರುವುದು ಆ ಹಲಗೆಯ ಮೇಲೆ ಮಾತ್ರ, ಅದೂ ಪೆನ್ಸಿಲಿನಲ್ಲಿ.

ನಿಮ್ಮ ಮನೆಯಲ್ಲಿ ಇಂಥದ್ದೇನಾದರೂ ಇದೆಯೇ? ಇದ್ದರೆ ಬರೆದು ತಿಳಿಸಿ. ನನ್ನ ಪಟ್ಟಿಯಲ್ಲಿ ಸದ್ಯ ಒಂದೇ ಪಿಯಾನೊ ಇದೆ.